ಕಾರ್ಬೊರೇಟರಿಗೆ ಕೈ ಹಾಕೋದು ಕೊನೆಗೆ

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಒಂದು ಮನೆ, ಅದರ ಪಕ್ಕದ ಗ್ಯಾರೇಜಿನಲ್ಲಿ 1967ರ ಎಂಜಿಬಿ ಸ್ಪೋರ್ಟ್ಸ್ ಕಾರು. ಕಾರು ತಂಗಿಯ ಮಗಳದು. ಬಾನೆಟ್ ಎತ್ತಿ ನಿಂತವರು ಮೈಸೂರಿನಲ್ಲಿ ಅಂಬಾಸಡರ್ ಕಾರುಗಳ ರಿಪೇರಿಯಲ್ಲೇ ಆಯಸ್ಸು ಕಳೆದ ಸೋದರಮಾವ.

— ಮಾವ, ಇದರ ಎರಡು ಕಾರ್ಬೊರೇಟರೂ ಕೆಟ್ಟಿವೆ. ಸ್ಟಾರ್ಟ್ ಆಗುತ್ತೆ, ಆದರೆ ಸ್ಲೋ ಸ್ಪೀಡಲ್ಲಿ ನಿಲ್ಲಲ್ಲ. ಆಕ್ಸಿಲರೇಟರ್ ತುಳಿದರೆ ಒಂದು ಕ್ಷಣ ಮುಗ್ಗರಿಸಿ ಆಮೇಲೆ ಎಳೆಯುತ್ತೆ. ಪ್ಲಗ್ ಬಿಚ್ಚಿದರೆ ನಾಲ್ಕಕ್ಕೂ ಮಸಿ.

— ಕಾರ್ಬೊರೇಟರೇ ಕೆಟ್ಟಿದೆ ಅಂತ ಯಾರು ಹೇಳಿದ್ದು?

— ಮಸೀನೇ ಹೇಳುತ್ತಲ್ಲ. ಮಸಿ ಅಂದ್ರೆ ಪೆಟ್ರೋಲ್ ಜಾಸ್ತಿ ಬರ್ತಿದೆ ಅಂತ.

— ಮಸಿ ಅಂದ್ರೆ ಪೆಟ್ರೋಲ್ ಪೂರ್ತಿ ಉರೀಲಿಲ್ಲ ಅಂತ, ಅಷ್ಟೇ. ಜಾಸ್ತಿ ಬಂದು ಉರೀಲಿಲ್ಲವೋ, ಕಿಡಿಗೆ ಜೀವ ಇಲ್ಲದೆ ಉರೀಲಿಲ್ಲವೋ, ಅದನ್ನ ಮಸಿ ಹೇಳಲ್ಲ ಕಣಮ್ಮ. ನಮ್ಮ ಗ್ಯಾರೇಜಿಗೆ ಬರ್ತಿದ್ದ ಕಾರುಗಳದ್ದೂ ಇದೇ ಪಾಡು. ಕಿಡಿ ಬಲಹೀನವಾಗಿರುತ್ತೆ, ಪ್ಲಗ್ ಕಪ್ಪಾಗುತ್ತೆ. ನೋಡಿದವನು ರಿಚ್ ಆಗಿದೆ ಅಂತ ನಟ್ ತಿರುಗಿಸಿ ಪೆಟ್ರೋಲ್ ಕಮ್ಮಿ ಮಾಡ್ತಾನೆ. ಈಗ ಕಿಡೀನೂ ಸಾಲದು, ಪೆಟ್ರೋಲೂ ಸಾಲದು. ಪಿಕಪ್ ಹೋಯ್ತು ಅಂತ ಇನ್ನೊಬ್ಬನ ಹತ್ರ ಹೋಗ್ತಾರೆ, ಅವನು ಟೈಮಿಂಗ್ ಅಡ್ವಾನ್ಸ್ ಮಾಡಿ ಕಳಿಸ್ತಾನೆ. ಗುಡ್ಡ ಹತ್ತುವಾಗ ನಾಕಿಂಗ್ ಶುರು. ಮೂರು ಕಡೆ ಕೈ ಆಡಿಸಿದ್ದಾಯ್ತು, ಮೊದಲು ಕೆಟ್ಟಿದ್ದ ಪಾಯಿಂಟು ಮಾತ್ರ ಹಾಗೇ ಇದೆ.

— ಹಾಗಾದ್ರೆ ಎಲ್ಲಿಂದ ಶುರು ಮಾಡೋದು?

— ಟ್ಯಾಪೆಟ್. ಆಮೇಲೆ ಡೆಲ್ಕೋ. ಅದೆಲ್ಲ ಮುಗಿದ ಮೇಲೆ ಕಾರ್ಬೊರೇಟರು. ಈ ವರಸೆ ತಪ್ಪಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

— ಡೆಲ್ಕೋ ಅಂದ್ರೆ ಡಿಸ್ಟ್ರಿಬ್ಯೂಟರ್ ತಾನೇ? ಇದರಲ್ಲಿರೋದು ಲ್ಯೂಕಾಸ್ ಕಂಪನಿದು, 25ಡಿ4.

— ಯಾವ ಕಂಪನಿದಾದರೂ ನಮಗೆ ಅದು ಡೆಲ್ಕೋನೇ. ಈ ಎಂಜಿನ್ ನನಗೆ ಹೊಸದಲ್ಲ ನೋಡು. ಅಂಬಾಸಡರಲ್ಲಿ ಇದ್ದಿದ್ದು ಬಿಎಂಸಿ ಬಿ ಸೀರೀಸ್, 1489 ಸಿಸಿ. ನಿನ್ನ ಕಾರಿನ ಅಣ್ಣ ಎಂಜಿಎ 1955ರಲ್ಲಿ ಬಂದಾಗ ಅದಕ್ಕೂ ಅದೇ 1489 ಸಿಸಿ. ಇದನ್ನ 1798ಕ್ಕೆ ಹಿಗ್ಗಿಸಿದ್ದಾರೆ, ಎರಡು ಕಾರ್ಬೊರೇಟರ್ ಕೂರಿಸಿದ್ದಾರೆ. ಫೈರಿಂಗ್ ಆರ್ಡರ್ ಅದೇ 1-3-4-2. ಬಾನೆಟ್ ಎತ್ತಿದಾಗ ಪರಿಚಯದವರ ಮನೆಗೆ ಬಂದ ಹಾಗಾಯ್ತು ನನಗೆ. ಫೀಲರ್ ಗೇಜ್ ಕೊಡು. ಎಂಜಿನ್ ತಣ್ಣಗಿದೆಯಾ?

— ರಾತ್ರಿಯಿಂದ ಸ್ಟಾರ್ಟೇ ಮಾಡಿಲ್ಲ.

— ಸರಿ. ಟ್ಯಾಪೆಟ್ ಗ್ಯಾಪ್ ತಣ್ಣಗಿರುವಾಗ 15 ಥೌ, ಅಂದ್ರೆ ಇಂಚಿನ ಸಾವಿರದಲ್ಲಿ ಹದಿನೈದು ಪಾಲು, 0.38 ಮಿಲಿಮೀಟರು. ಮುಂದಿನಿಂದ ಹಿಂದಕ್ಕೆ ಎಂಟು ವಾಲ್ವು, ಒಂದರಿಂದ ಎಂಟು ಅಂತ ಎಣಿಸು. ಎಂಜಿನ್ ತಿರುಗಿಸ್ತಾ ಎಂಟನೇ ವಾಲ್ವು ಪೂರ್ತಿ ಒತ್ತಿಕೊಂಡಾಗ ಒಂದನೆಯದನ್ನ ಸೆಟ್ ಮಾಡ್ಬೇಕು. ಆರನೆಯದು ಒತ್ತಿದ್ದರೆ ಮೂರನೆಯದು. ನಾಲ್ಕು ಒತ್ತಿದ್ದರೆ ಐದು.

— ಕೂಡಿದರೆ ಯಾವಾಗಲೂ ಒಂಬತ್ತು!

— ಅದೇ ಲೆಕ್ಕ. ಕ್ಯಾಮ್‌ಶಾಫ್ಟಿನ ಉಬ್ಬುಗಳು ಹಾಗೆ ಕೂತಿವೆ. ಬ್ಲೇಡು ನುಗ್ಗಿಸಿ ಎಳೆದಾಗ ಸ್ವಲ್ಪ ಹಿಡಿದು ಹಿಡಿದು ಬರ್ಬೇಕು. ಲಾಕ್‌ನಟ್ ಬಿಗಿ ಮಾಡುವಾಗ ಸ್ಕ್ರೂ ಒಂದು ಕೂದಲಿನಷ್ಟು ತಿರುಗಿಬಿಡುತ್ತೆ, ಅದಕ್ಕೆ ಬಿಗಿ ಮಾಡಿದ ಮೇಲೂ ಒಂದು ಸಲ ಬ್ಲೇಡ್ ಹಾಕಿ ನೋಡು. ಹಳೇ ರಾಕರಲ್ಲಿ ವಾಲ್ವಿನ ತುದಿ ಗುಳಿ ಕೊರೆದಿರುತ್ತೆ. ಬ್ಲೇಡು ಗುಳಿಯ ಮೇಲೆ ಸೇತುವೆಯ ಹಾಗೆ ಕೂತು 15 ಅಂತ ತೋರಿಸುತ್ತೆ, ನಿಜಕ್ಕೂ 18 ಇರುತ್ತೆ. ಇದರದು ಹಾಗಾಗಿಲ್ಲ, ಬಿಡು.

— ಟ್ಯಾಪೆಟ್ ಸಡಿಲ ಇದ್ರೆ ಟಕಟಕ ಸದ್ದು ಬರುತ್ತೆ, ಅಷ್ಟೇ ಅಲ್ವಾ? ಅದಕ್ಕೂ ಮಿಕ್ಸ್ಚರಿಗೂ ಏನು ಸಂಬಂಧ?

— ಸಡಿಲ ಇದ್ರೆ ಸದ್ದಾದರೂ ಮಾಡಿ ಹೇಳುತ್ತೆ. ಬಿಗಿ ಇರೋದೇ ಅಪಾಯ, ಸದ್ದೇ ಇರಲ್ಲ. ವಾಲ್ವು ಪೂರ್ತಿ ಮುಚ್ಚದೆ ಕಂಪ್ರೆಶನ್ ಸೋರುತ್ತೆ, ಎಕ್ಸಾಸ್ಟ್ ವಾಲ್ವಾದರೆ ಕೊನೆಗೆ ಸುಟ್ಟೇ ಹೋಗುತ್ತೆ. ಎಂಜಿನ್ ಎಳೆದುಕೊಳ್ಳೋ ಗಾಳಿಯಲ್ಲೇ ಏರುಪೇರಾದ ಮೇಲೆ ಕಾರ್ಬೊರೇಟರ್ ಏನು ಮಾಡೀತು? ಈ ಹೆಡ್‌ನಲ್ಲಿ ನಾಲ್ಕು ಸಿಲಿಂಡರಿಗೆ ಇನ್‌ಲೆಟ್ ದಾರಿ ಎರಡೇ. ಮುಂದಿನ ಕಾರ್ಬೊರೇಟರಿಂದ ಒಂದು, ಎರಡಕ್ಕೆ. ಹಿಂದಿನದರಿಂದ ಮೂರು, ನಾಲ್ಕಕ್ಕೆ. ಒಂದು ವಾಲ್ವು ಸೋರಿದರೆ ಪಕ್ಕದ ಸಿಲಿಂಡರಿನ ಪಾಲೂ ಕೆಡುತ್ತೆ. ಈಗ ಡೆಲ್ಕೋ ಕ್ಯಾಪ್ ತೆಗಿ. ಪಾಯಿಂಟ್ ನೋಡಿದೆಯಾ?

— ಒಂದರ ಮೇಲೆ ಗುಬ್ಬಿ ಎದ್ದಿದೆ, ಇನ್ನೊಂದರಲ್ಲಿ ಗುಂಡಿ.

— ಒಂದು ಕಡೆಯ ಲೋಹ ಇನ್ನೊಂದು ಕಡೆಗೆ ಹೋಗಿ ಕೂತಿದೆ. ಇಷ್ಟು ಎದ್ದಿದೆ ಅಂದ್ರೆ ಕಂಡೆನ್ಸರ್ ಮೇಲೂ ನನಗೆ ಅನುಮಾನ, ಎರಡನ್ನೂ ಬದಲಾಯಿಸು. ಗುಬ್ಬಿ ಇರೋ ಪಾಯಿಂಟಿಗೆ ಫೀಲರ್ ಹಾಕಿ ಗ್ಯಾಪ್ ಇಟ್ಟರೆ ಗುಬ್ಬಿಯ ತುದಿಯನ್ನ ಅಳೆದ ಹಾಗಾಗುತ್ತೆ, ನಿಜವಾದ ಗ್ಯಾಪ್ ಜಾಸ್ತಿಯೇ ಇರುತ್ತೆ. ಹೊಸ ಪಾಯಿಂಟಿಗೆ 14ರಿಂದ 16 ಥೌ. ಡ್ವೆಲ್ ಮೀಟರ್ ಇಟ್ಟುಕೊಂಡಿದ್ದೀಯಲ್ಲ, ಅದರಲ್ಲಿ 60 ಡಿಗ್ರಿ, ಮೂರು ಆಚೆ ಈಚೆ ಆದರೂ ಪರವಾಗಿಲ್ಲ.

— ಗ್ಯಾಪ್ ಇಟ್ಟ ಮೇಲೆ ಡ್ವೆಲ್ ಬೇರೆ ಯಾಕೆ ನೋಡೋದು?

— ಗ್ಯಾಪ್ ಅಂದ್ರೆ ಪಾಯಿಂಟ್ ಎಷ್ಟು ತೆರೆಯುತ್ತೆ. ಡ್ವೆಲ್ ಅಂದ್ರೆ ಎಷ್ಟು ಹೊತ್ತು ಮುಚ್ಚಿರುತ್ತೆ. ಕಾಯಿಲಿಗೆ ಕರೆಂಟ್ ತುಂಬೋದು ಮುಚ್ಚಿರುವಾಗ, ಕಿಡಿ ಹುಟ್ಟೋದು ತೆರೆದ ಕ್ಷಣ. ಗ್ಯಾಪ್ ಜಾಸ್ತಿ ಆದ್ರೆ ಕಾಯಿಲ್ ತುಂಬೋಕೆ ಹೊತ್ತು ಸಾಲಲ್ಲ, ಮೇಲಿನ ಸ್ಪೀಡಲ್ಲಿ ಮಿಸ್ ಹೊಡೆಯುತ್ತೆ. ಇನ್ನೊಂದು ವಿಷಯ, ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತೆ. ಟೈಮಿಂಗ್ ಬದಲಾದರೆ ಗ್ಯಾಪ್ ಬದಲಾಗಲ್ಲ. ಅದಕ್ಕೇ ಪಾಯಿಂಟ್ ಮೊದಲು, ಟೈಮಿಂಗ್ ಆಮೇಲೆ. ಎಂಜಿನ್ ಓಡುವಾಗ ಡ್ವೆಲ್ ಮುಳ್ಳು ಒಂದು ಕಡೆ ನಿಲ್ಲದೆ ಓಲಾಡಿದರೆ ಡೆಲ್ಕೋ ಶಾಫ್ಟಿನ ಬುಶ್ ಸವೆದಿದೆ ಅಂತ ತಿಳ್ಕೋ. ಹಾಗಿದ್ದರೆ ಯಾವ ಪಾಯಿಂಟ್ ಹಾಕಿದರೂ ಪ್ರಯೋಜನ ಇಲ್ಲ. ಈಗ ರೋಟರ್ ಹಿಡಿದು ತಿರುಗಿಸಿ ಬಿಡು.

— ಒಂದಿಷ್ಟು ತಿರುಗಿತು, ಬಿಟ್ಟರೆ ವಾಪಸ್ ಬರ್ತಿಲ್ಲ.

— ಸಿಕ್ಕಿತು ನೋಡು! ಕಾರ್ಬೊರೇಟರನ್ನ ಬೈತಿದ್ದೆಯಲ್ಲ. ಪಾಯಿಂಟ್ ತಟ್ಟೆ ಬಿಚ್ಚು, ಕೆಳಗೆ ಎರಡು ತೂಕದ ಬಿಲ್ಲೆ, ಎರಡು ಸಣ್ಣ ಸ್ಪ್ರಿಂಗ್ ಇವೆ. ಎಂಜಿನ್ ಸ್ಪೀಡ್ ಏರಿದಾಗ ಬಿಲ್ಲೆಗಳು ಹೊರಕ್ಕೆ ಚಿಮ್ಮಿ ಕಿಡೀನ ಬೇಗ ಹೊಡೆಸ್ಬೇಕು. ಹಳೇ ಗ್ರೀಸು ಗಟ್ಟಿಯಾಗಿ ಅಲ್ಲೇ ಹಿಡ್ಕೊಂಡಿದೆ. ಕಾರು ಮುಗ್ಗರಿಸೋದರಲ್ಲಿ ಅರ್ಧ ಪಾಲು ಇದರದೇ ಅಂತ ನನ್ನ ಅಂದಾಜು. ಸೀಮೆಎಣ್ಣೆಯಲ್ಲಿ ತೊಳೆದು ಒಂದೊಂದು ಹನಿ ಎಂಜಿನ್ ಆಯಿಲ್ ಬಿಡು. ಸ್ಪ್ರಿಂಗ್ ಮಾತ್ರ ಎಳೆದು ನೋಡ್ಬೇಡ, ಸಡಿಲವಾದರೆ ಬೇಕಾದ್ದಕ್ಕಿಂತ ಮೊದಲೇ ಅಡ್ವಾನ್ಸ್ ಆಗುತ್ತೆ. ಅತ್ತ ಕಡೆ ವ್ಯಾಕ್ಯೂಮ್ ಪೈಪನ್ನ ಬಾಯಲ್ಲಿ ಹೀರಿ, ನಾಲಗೆ ತುದಿಯಿಂದ ಮುಚ್ಚಿ ಹಿಡಿ. ತಟ್ಟೆ ಸರಿದು ಅಲ್ಲೇ ನಿಲ್ಲುತ್ತಾ?

— ನಿಂತಿದೆ.

— ಡಯಾಫ್ರಾಮ್ ಚೆನ್ನಾಗಿದೆ. ಒಳಗಿನ ಹೆಣೆದ ಅರ್ಥ್ ವೈರ್ ಕೂಡ ನೋಡು, ತಟ್ಟೆ ಆಡಿ ಆಡಿ ಅದರ ಎಳೆಗಳು ಒಂದೊಂದೇ ಕಿತ್ತು ಬರ್ತವೆ. ಹೊರಗೆ ಹೊಸದಾಗಿ ಕಂಡರೂ ಒಳಗೆ ಎರಡು ಎಳೆ ಮಾತ್ರ ಉಳಿದಿರುತ್ತೆ.

— ಇಷ್ಟೆಲ್ಲ ಕಷ್ಟ ಯಾಕೆ, ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಬಿಡಿ ಅಂತ ಎಲ್ಲರೂ ಹೇಳ್ತಾರೆ ಮಾವ.

— ಹಾಕಬಹುದು, ನನ್ನದೇನೂ ಹಟ ಇಲ್ಲ. ಬುಶ್ ಅಷ್ಟಿಷ್ಟು ಸವೆದಿದ್ದರೂ ಅದು ತಡ್ಕೊಳ್ಳುತ್ತೆ, ಗ್ಯಾಪ್ ನೋಡ್ಬೇಕಾಗಿಲ್ಲ. ಆದರೆ ಅದು ಪಾಯಿಂಟಿನ ಕೆಲಸ ಮಾತ್ರ ಮಾಡುತ್ತೆ, ಹಿಡ್ಕೊಂಡಿರೋ ಬಿಲ್ಲೆ ಬಿಡಿಸಲ್ಲ. ಇನ್ನೊಂದು, ನಿನ್ನ ಕಾರು 1967ರದ್ದು. ಆ ವರ್ಷದ ಕೊನೆವರೆಗೂ ಎಂಜಿಬಿಗಳು ಪಾಸಿಟಿವ್ ಅರ್ಥ್. ನೆಗೆಟಿವ್ ಅರ್ಥಿನ ಕಿಟ್ ತಂದು ಹಾಕಿದರೆ ಸ್ವಿಚ್ ಹಾಕಿದ ತಕ್ಷಣ ಸುಟ್ಟುಹೋಗುತ್ತೆ. ಬ್ಯಾಟರಿ ಹೇಗೆ ಕೂತಿದೆ ನೋಡಿದೆಯಾ?

— ನೆಗೆಟಿವ್ ಅರ್ಥಿಗೆ ಬದಲಾಯಿಸಿದ್ದಾರೆ, ಹಿಂದಿನ ಒಡೆಯರು.

— ಹಾಗಾದ್ರೆ ಕಾಯಿಲ್ ವೈರುಗಳನ್ನೂ ಅದಲುಬದಲು ಮಾಡಿದ್ದಾರಾ ನೋಡ್ಬೇಕು. ಪ್ಲಗ್ಗಿನಲ್ಲಿ ಬಿಸಿಯಾಗಿರೋದು ನಡುವಿನ ಕಡ್ಡಿ. ಬಿಸಿ ಲೋಹದಿಂದ ಕಿಡಿ ಸುಲಭವಾಗಿ ಹೊರಡುತ್ತೆ, ಅದಕ್ಕೇ ನಡುವಿನ ಕಡ್ಡಿ ನೆಗೆಟಿವ್ ಇರ್ಬೇಕು. ಬ್ಯಾಟರಿ ಮಾತ್ರ ತಿರುಗಿಸಿ ಕಾಯಿಲ್ ಹಾಗೇ ಬಿಟ್ಟರೆ ಕಿಡಿ ಬರುತ್ತೆ, ಆದರೆ ಹೆಚ್ಚು ವೋಲ್ಟೇಜ್ ಕೇಳುತ್ತೆ. ಬೇಸಿಗೆಯಲ್ಲಿ ಗೊತ್ತಾಗಲ್ಲ. ಚಳಿ ಮುಂಜಾವಿನಲ್ಲಿ ಸೆಲ್ಫ್ ಹೊಡೆದಾಗ ಗೊತ್ತಾಗುತ್ತೆ.

— ಡೆಲ್ಕೋ ಕಡೆ ಹೋಗೋ ವೈರ್ ಪಾಸಿಟಿವ್ ಗುರುತಿನ ಕಡೆಗೇ ಇದೆ.

— ಹಂಗಾದ್ರೆ ಉಲ್ಟಾ. ಬದಲಾಯಿಸು. ಬಿಡಿಭಾಗದ ವಿಷಯದಲ್ಲೂ ಹುಷಾರು. ಈಗ ಸಿಗೋ ರೋಟರುಗಳಲ್ಲಿ ಹಿತ್ತಾಳೆ ತಗಡನ್ನ ರಿವಿಟ್ ಹೊಡೆದು ಕೂರಿಸಿರ್ತಾರೆ. ಆ ರಿವಿಟ್ಟಿನಿಂದ ಕಿಡಿ ಒಳಗೆ ತೂರಿ ಶಾಫ್ಟಿಗೇ ಇಳಿದುಬಿಡುತ್ತೆ. ಎಂಜಿನ್ ಬಿಸಿಯಾದಾಗ ಆಫ್, ಆರಿದ ಮೇಲೆ ಮತ್ತೆ ಸ್ಟಾರ್ಟ್. ಪೆಟ್ರೋಲ್ ಆವಿಯಾಯ್ತು ಅಂತ ಮತ್ತೆ ಕಾರ್ಬೊರೇಟರಿನ ತಲೆಗೇ ಕಟ್ತಾರೆ. ರಿವಿಟ್ ಇಲ್ಲದ ರೋಟರ್ ತರಿಸಿಕೋ. ಪ್ಲಗ್ ಗ್ಯಾಪ್ 25 ಥೌ. ಮೈಸೂರಿನಲ್ಲಿ ನಾವು ಬೆಂಗಳೂರಿನ ಮೈಕೋ ಪ್ಲಗ್ಗನ್ನೇ ಹಾಕ್ತಿದ್ದಿದ್ದು, ಇಲ್ಲಿ ನಿನಗೆ ಸಿಗೋದನ್ನ ಹಾಕ್ಕೋ, ಹೀಟ್ ರೇಂಜ್ ಮಾತ್ರ ಕಾರಿನ ರಿಪೇರಿ ಪುಸ್ತಕದಲ್ಲಿ ಹೇಳಿದ್ದೇ ಇರಲಿ.

— ಟೈಮಿಂಗ್ ಗುರುತು ಎಲ್ಲೂ ಕಾಣ್ತಿಲ್ಲ ಮಾವ.

— ಈ ವರ್ಷದ ಗಾಡಿಗಳಲ್ಲಿ ಅದು ಕೆಳಗಡೆ ಇದೆ, ಪುಲ್ಲಿಯ ತಳದಲ್ಲಿ. ಟೈಮಿಂಗ್ ಕವರಿನಲ್ಲಿ ಮೂರು ಹಲ್ಲು: ಟಾಪ್, 5, 10. ಪುಲ್ಲಿಯಲ್ಲಿ ಒಂದು ಕಚ್ಚು. ಮಣ್ಣು ಜಿಡ್ಡು ಒರೆಸಿ ಕಚ್ಚಿಗೆ ಬಿಳಿ ಬಣ್ಣ ಹಚ್ಚು. ಪುಸ್ತಕದಲ್ಲಿ ಎಂಜಿನ್ ನಿಂತಿರುವಾಗ 10 ಡಿಗ್ರಿ, ಸ್ಟ್ರೋಬ್ ಲೈಟಲ್ಲಿ ನಿಮಿಷಕ್ಕೆ 600 ಸುತ್ತಿನಲ್ಲಿ 14 ಡಿಗ್ರಿ, ಎರಡೂ ಟಾಪಿಗಿಂತ ಮೊದಲು. ವ್ಯಾಕ್ಯೂಮ್ ಪೈಪ್ ಬಿಚ್ಚಿಟ್ಟು ನೋಡ್ಬೇಕು. ಆಮೇಲೆ ಸ್ಪೀಡ್ ಏರಿಸ್ತಾ ಹೋಗು, ಗುರುತು ಒಂದೇ ಸಮನೆ ಸರೀತಾ ಹೋಗ್ಬೇಕು. ತಡೆದು ತಡೆದು ಜಿಗಿದರೆ ಬಿಲ್ಲೆ ಇನ್ನೂ ಬಿಟ್ಟಿಲ್ಲ ಅಂತ.

— ಸರೀತಿದೆ. ಸ್ಲೋ ಸ್ಪೀಡ್ ತಾನೇ ಏರಿಬಿಡ್ತು, ನಾನೇನೂ ಮುಟ್ಟಿಲ್ಲ!

— ಅಲ್ಲಿಗೆ ಬಾ. ಇಷ್ಟು ದಿನ ಕಿಡಿ ತಡವಾಗಿ ಬೀಳ್ತಿತ್ತು, ಎಂಜಿನ್ ನಿಲ್ಲದಿರಲಿ ಅಂತ ಥ್ರಾಟಲ್ ಜಾಸ್ತಿ ತೆರೆದಿಟ್ಟಿದ್ದರು. ಈಗ ಟೈಮಿಂಗ್ ಸರಿಯಾಯ್ತು, ಅಷ್ಟು ಗಾಳಿ ಬೇಕಾಗಿಲ್ಲ. ಮೊದಲೇ ಕಾರ್ಬೊರೇಟರ್ ಸೆಟ್ ಮಾಡಿದ್ದಿದ್ದರೆ ಆ ತಪ್ಪು ಥ್ರಾಟಲಿಗೆ ತಕ್ಕ ಹಾಗೆ ಮಿಕ್ಸ್ಚರ್ ಹೊಂದಿಸಿರ್ತಿದ್ದೆ. ಈಗ ಮತ್ತೆ ಎಲ್ಲ ಬಿಚ್ಚಬೇಕಾಗ್ತಿತ್ತು.

— ಈಗಲಾದರೂ ಕಾರ್ಬೊರೇಟರ್ ಮುಟ್ಟಬಹುದಾ?

— ಈಗ ಮುಟ್ಟು. ಇಂಥ ಎಸ್‌ಯು ಕಾರ್ಬೊರೇಟರ್ ಕಂಡರೆ ನನಗೆ ಬಹಳ ಪ್ರೀತಿ. ಕಳೆದ ಶತಮಾನದ ಶುರುವಿನಲ್ಲಿ ಇದನ್ನ ಕಂಡುಹಿಡಿದವನು ಜಾರ್ಜ್ ಹರ್ಬರ್ಟ್ ಸ್ಕಿನ್ನರ್. ಮನೆತನದ ಕಸುಬು ಚಪ್ಪಲಿ ಬೂಟಿನದು. ಅದಕ್ಕೇ ಇರ್ಬೇಕು, ಮೊದಲ ಕಾರ್ಬೊರೇಟರಿನಲ್ಲಿ ಪಿಸ್ಟನ್ನೇ ಇರಲಿಲ್ಲ, ಚರ್ಮದ ತಿದಿ ಇತ್ತು. 1910ರಲ್ಲಿ ಅಣ್ಣತಮ್ಮಂದಿರು ಎಸ್‌ಯು ಕಂಪನಿ ಮಾಡಿದರು, 1926ರಲ್ಲಿ ಅದನ್ನ ಮಾರಿಸ್ ಕಾರುಗಳ ವಿಲಿಯಂ ಮಾರಿಸ್ ಕೊಂಡುಕೊಂಡ. ಆ ತಿದಿಯ ಜಾಗದಲ್ಲೇ ಈಗ ಈ ಗಂಟೆಯಾಕಾರದ ಮುಚ್ಚಳ, ಒಳಗೆ ಪಿಸ್ಟನ್. ಎಂಜಿನ್ ಗಾಳಿ ಎಳೆದಷ್ಟೂ ಪಿಸ್ಟನ್ ಮೇಲೇಳುತ್ತೆ, ದಾರಿ ಅಗಲವಾಗುತ್ತೆ. ಅದರ ತಳಕ್ಕೆ ಸಿಕ್ಕಿಸಿರೋ ಸೂಜಿ ಕೆಳಕ್ಕೆ ಹೋದಂತೆ ಸಣ್ಣ. ಸೂಜಿ ಮೇಲೆದ್ದಷ್ಟೂ ಜೆಟ್ಟಿನ ಬಾಯಿ ತೆರೆದು ಪೆಟ್ರೋಲ್ ಹೆಚ್ಚು ಬರುತ್ತೆ. ಬೇರೆ ಕಾರ್ಬೊರೇಟರಿನಲ್ಲಿ ಸ್ಲೋ ಸ್ಪೀಡಿಗೊಂದು ಜೆಟ್, ಓಟಕ್ಕೊಂದು ಜೆಟ್ ಅಂತ ನಾಲ್ಕೈದು ಇರುತ್ತೆ. ಇದರಲ್ಲಿ ಎಲ್ಲಕ್ಕೂ ಒಂದೇ ಜೆಟ್, ಒಂದೇ ಸೂಜಿ.

— ಮೇಲೆ ಎಣ್ಣೆ ಹಾಕ್ತಾರಲ್ಲ, ಅದು ಪಿಸ್ಟನ್ ಸವೆಯದಿರಲಿ ಅಂತಾನಾ?

— ಅಲ್ಲ, ಅದು ಪಿಕಪ್ಪಿಗೆ. ಆಕ್ಸಿಲರೇಟರ್ ದಿಢೀರ್ ಅಂತ ತುಳಿದಾಗ ಪಿಸ್ಟನ್ ಒಂದೇ ಸಲ ಮೇಲೆದ್ದರೆ ಗಾಳಿ ನುಗ್ಗುತ್ತೆ, ಪೆಟ್ರೋಲ್ ಹಿಂದೆ ಬೀಳುತ್ತೆ. ಎಣ್ಣೆ ಪಿಸ್ಟನ್ನನ್ನ ಒಂದು ಕ್ಷಣ ತಡೆದು ಹಿಡಿಯುತ್ತೆ, ಆ ಕ್ಷಣದಲ್ಲಿ ಗಾಳಿ ರಭಸವಾಗಿ ಹರಿದು ಪೆಟ್ರೋಲ್ ಹೆಚ್ಚು ಎಳೆಯುತ್ತೆ. ಎಣ್ಣೆ ಇದೆಯಾ ನೋಡು.

— ಮುಂದಿನದರಲ್ಲಿ ಒಂದು ಹನಿಯೂ ಇಲ್ಲ.

— ಮುಗ್ಗರಿಸೋದರ ಉಳಿದ ಅರ್ಧ ಪಾಲು ಇದು. 20 ನಂಬರ್ ಎಂಜಿನ್ ಆಯಿಲ್ ಹಾಕು. ಆಮೇಲೆ ಪಿಸ್ಟನ್ ಎತ್ತಿ ಬಿಡು. ಟಕ್ ಅಂತ ಲೋಹದ ಸದ್ದು ಬರ್ಬೇಕು. ಸದ್ದಿಲ್ಲದೆ ಮೆತ್ತಗೆ ಇಳಿದರೆ ಸೂಜಿ ಜೆಟ್ಟಿಗೆ ಉಜ್ಜುತ್ತಿದೆ, ಜೆಟ್ಟನ್ನ ನಡುವಿಗೆ ತರ್ಬೇಕು ಅಂತ. ಎರಡೂ ಟಕ್ ಅಂದವು, ಒಳ್ಳೇದು. ಎರಡಕ್ಕೂ ಜೆಟ್ಟಿನ ಕೆಳಗಿರೋ ನಟ್ ಪೂರ್ತಿ ಮೇಲಕ್ಕೆ ತಿರುಗಿಸಿ ಜೆಟ್ಟನ್ನ ಕಾರ್ಬೊರೇಟರಿನ ಒಳಗಿನ ಸೇತುವೆಯ ಮಟ್ಟಕ್ಕೆ ತಂದು, ಅಲ್ಲಿಂದ ಹನ್ನೆರಡು ಮುಖ ಕೆಳಕ್ಕೆ ಇಳಿಸು. ನಟ್ಟಿಗೆ ಆರು ಮುಖ, ಅಂದ್ರೆ ಎರಡು ಸುತ್ತು. ಇದು ಶುರು ಮಾಡೋ ಜಾಗ ಅಷ್ಟೇ.

— ಎಂಜಿನ್ ಬಿಸಿಯಾಗಿದೆ. ಈಗ?

— ಎರಡೂ ಥ್ರಾಟಲ್ ಕೂಡಿಸೋ ಸರಳಿನ ಕ್ಲಾಂಪ್ ಸಡಿಲಿಸು, ಇಲ್ಲದಿದ್ದರೆ ಒಂದನ್ನ ತಿರುಗಿಸಿದರೆ ಇನ್ನೊಂದೂ ಬರುತ್ತೆ. ಫಿಲ್ಟರ್ ತೆಗೆದು, ಈ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬೊರೇಟರಿನ ಬಾಯಿಗೆ. ಎರಡು ಬಾಯಲ್ಲೂ ಒಂದೇ ಜಾಗದಲ್ಲಿ ಹಿಡಿ. ಏನು ಕೇಳುತ್ತೆ?

— ಮುಂದಿನದು ಹಿಸ್ ಅಂತ ತೆಳ್ಳಗೆ. ಹಿಂದಿನದು ದಪ್ಪ, ಬುಸುಗುಟ್ಟೋ ಸದ್ದು.

— ಹಿಂದಿನದು ಹೆಚ್ಚು ಗಾಳಿ ಎಳೀತಿದೆ. ಅದರ ಥ್ರಾಟಲ್ ಸ್ಕ್ರೂ ಸ್ವಲ್ಪ ಹೊರಕ್ಕೆ, ಮುಂದಿನದನ್ನ ಒಳಕ್ಕೆ. ತಂಬೂರಿಯ ತಂತಿ ಕೂಡಿಸಿದ ಹಾಗೆ, ಎರಡೂ ಒಂದೇ ಶ್ರುತಿಗೆ ಬರೋವರೆಗೂ ಅತ್ತ ಇತ್ತ. ಬಂತಾ? ಈಗ ಮಿಕ್ಸ್ಚರ್. ಮುಂದಿನ ಕಾರ್ಬೊರೇಟರಿನ ಕೆಳಗೆ ಒಂದು ಸಣ್ಣ ಪಿನ್ ಇದೆ, ಅದನ್ನ ಒತ್ತಿ ಪಿಸ್ಟನ್ನನ್ನ ಮಿಲಿಮೀಟರಿಗಿಂತ ಕಮ್ಮಿ ಎತ್ತು, ಅಷ್ಟೇ. ಜಾಸ್ತಿ ಎತ್ತಿದರೆ ಎಂಥ ಮಿಕ್ಸ್ಚರಾದರೂ ಎಂಜಿನ್ ಸಾಯುತ್ತೆ, ಏನೂ ಗೊತ್ತಾಗಲ್ಲ.

— ಎತ್ತಿದೆ. ಸ್ಪೀಡ್ ಏರಿತು, ಏರಿದ್ದು ಇಳೀತಾನೇ ಇಲ್ಲ.

— ರಿಚ್. ಗಾಳಿ ಹೆಚ್ಚಾದಾಗ ಖುಷಿಯಾಯ್ತಲ್ಲ, ಅಂದ್ರೆ ಗಾಳಿ ಸಾಲ್ತಿರಲಿಲ್ಲ. ನಟ್ ಒಂದು ಮುಖ ಮೇಲಕ್ಕೆ. ಈಗ?

— ಒಂದು ಚೂರು ಏರಿ ಮತ್ತೆ ಇಳೀತು.

— ಅದೇ ಬೇಕಾಗಿದ್ದು. ಎತ್ತಿದ ಕೂಡಲೇ ಸಾಯೋ ಹಾಗಾದರೆ ಲೀನ್ ಅಂತ ತಿಳಿ. ಹಿಂದಿನದಕ್ಕೂ ಹಾಗೇ ಮಾಡು. ಅದಾದ ಮೇಲೆ ಮುಂದಿನದನ್ನ ಇನ್ನೊಂದು ಸಲ ನೋಡು, ಎರಡರ ನಡುವೆ ಬ್ಯಾಲೆನ್ಸ್ ಪೈಪ್ ಇರೋದರಿಂದ ಒಂದನ್ನ ಮುಟ್ಟಿದರೆ ಇನ್ನೊಂದಕ್ಕೂ ತಾಗುತ್ತೆ. ನಟ್ ತಿರುಗಿಸಿದಾಗಲೆಲ್ಲ ಒಂದು ಸಲ ಆಕ್ಸಿಲರೇಟರ್ ಎತ್ತಿ ಬಿಟ್ಟು ಆಮೇಲೆ ಕೇಳಿಸ್ಕೋ.

— ಹಿಂದಿನದು ಒಂದು ಸಲ ರಿಚ್ ಅನ್ನುತ್ತೆ, ಇನ್ನೊಂದು ಸಲ ಲೀನ್ ಅನ್ನುತ್ತೆ.

— ಥ್ರಾಟಲ್ ಸ್ಪಿಂಡಲ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸು. ಆಡ್ತಿದೆಯಾ?

— ಆಡ್ತಿದೆ.

— ಅಲ್ಲಿ ಬುಶ್ ಸವೆದು ಕಳ್ಳಗಾಳಿ ನುಗ್ತಿದೆ. ಸ್ಪಿಂಡಲ್ ಪ್ರತಿ ಸಲ ಬೇರೆ ಬೇರೆ ಕಡೆ ಕೂರುತ್ತೆ, ಅದಕ್ಕೇ ಒಂದೊಂದು ಸಲ ಒಂದೊಂದು ಥರ. ಇದು ಮಾತ್ರ ನಿಜವಾಗಿಯೂ ಕಾರ್ಬೊರೇಟರಿನ ರೋಗ. ಬಿಚ್ಚಿ ಹೊಸ ಬುಶ್ ಹಾಕಿಸ್ಬೇಕು. ಎಸ್‌ಯು ಭಾಗಗಳು ಸಾಲ್ಸ್‌ಬರಿಯಲ್ಲಿ ಈಗಲೂ ತಯಾರಾಗ್ತಿವೆಯಂತಲ್ಲ, ಆ ವಿಷಯದಲ್ಲಿ ನೀನು ಪುಣ್ಯವಂತೆ.

— ಮಾವ, ಪುಸ್ತಕದಲ್ಲಿರೋದು ಅರವತ್ತರ ದಶಕದ ಲೆಕ್ಕ. ಆಗಿನ ಪೆಟ್ರೋಲ್ ಈಗ ಎಲ್ಲಿದೆ?

— ಇದನ್ನ ನೀನಾಗಿಯೇ ಕೇಳಲಿ ಅಂತಿದ್ದೆ. ಇಲ್ಲಿ ಸೀಸದ ಪೆಟ್ರೋಲು 2000ದ ಹೊತ್ತಿಗೇ ಬಂಕುಗಳಿಂದ ಹೋಯ್ತು. 2021ರ ಸೆಪ್ಟೆಂಬರಿಂದ ಮಾಮೂಲಿ ಪೆಟ್ರೋಲಲ್ಲಿ ನೂರಕ್ಕೆ ಹತ್ತರವರೆಗೆ ಎಥನಾಲ್. ನಮ್ಮಲ್ಲಿ ಇಪ್ಪತ್ತಕ್ಕೆ ಹೋಗಿದ್ದಾರೆ. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುತ್ತೆ. ಜೆಟ್ ಅಷ್ಟೇ, ಸೂಜಿ ಅಷ್ಟೇ, ಮಿಕ್ಸ್ಚರ್ ಮಾತ್ರ ಸ್ವಲ್ಪ ಲೀನ್. ಹೊಸ ಕಾರಿನ ಕಂಪ್ಯೂಟರ್ ಅದನ್ನ ತಾನೇ ಸರಿ ಮಾಡ್ಕೊಳ್ಳುತ್ತೆ. ಇಲ್ಲಿ ನಿನ್ನ ಕಿವಿಯೇ ಕಂಪ್ಯೂಟರು. ನಿನ್ನ ಕಾರಿಗೆ ನೂರಕ್ಕೆ ಐದರವರೆಗೆ ಮಾತ್ರ ಎಥನಾಲ್ ಇರೋ ಪೆಟ್ರೋಲ್, ಆ ದುಬಾರಿ ಸೂಪರೇ ಹಾಕಿಸು. ಹಳೇ ರಬ್ಬರ್ ಪೈಪಿಗೂ ಒಳ್ಳೇದು, ಆಕ್ಟೇನೂ ಹೆಚ್ಚು. ಮತ್ತೆ ಯಾವ ಪೆಟ್ರೋಲಲ್ಲಿ ಟ್ಯೂನ್ ಮಾಡಿದೆಯೋ ಅದನ್ನೇ ಮುಂದುವರಿಸು.

— ಊರಿಂದ ಊರಿಗೂ ಬದಲಾಗುತ್ತಾ?

— ಎತ್ತರಕ್ಕೆ ಬದಲಾಗುತ್ತೆ. ಕೊವೆಂಟ್ರಿ ತಗ್ಗಿನಲ್ಲಿದೆ. ಮೈಸೂರಲ್ಲಿ ಸೆಟ್ ಮಾಡಿ ಕಳಿಸಿದ ಅಂಬಾಸಡರು ಊಟಿ ಘಾಟಿ ಹತ್ತುತ್ತಾ ಹತ್ತುತ್ತಾ ಕಪ್ಪು ಹೊಗೆ ಬಿಡ್ತಿತ್ತು. ಮೇಲೆ ಗಾಳಿ ತೆಳು, ಪೆಟ್ರೋಲ್ ಅಷ್ಟೇ, ಮಿಕ್ಸ್ಚರ್ ರಿಚ್. ಕಾರು ಕೆಟ್ಟಿತು ಅಂತ ಅಲ್ಲೇ ನಟ್ ತಿರುಗಿಸಿದವರು ಇಳಿದು ಬಂದ ಮೇಲೆ ಲೀನ್ ಆಯ್ತು ಅಂತ ನಮ್ಮ ಹತ್ರ ಬರ್ತಿದ್ದರು.

— ಸರಿ, ಬಾನೆಟ್ ಹಾಕಿ ಒಂದು ಸುತ್ತು ಹೋಗಿಬರೋಣವಾ?

— ಹೋಗೋಣ. ಸ್ಲೋ ಸ್ಪೀಡಲ್ಲಿ ಚೆನ್ನಾಗಿದೆ ಅಂದ್ರೆ ಸೂಜಿಯ ಮೇಲ್ತುದಿ ಸರಿ ಇದೆ ಅಂತ ಮಾತ್ರ. ಸೂಜಿಯ ದಪ್ಪವನ್ನ ಉದ್ದಕ್ಕೂ ಎಂಟನೇ ಒಂದು ಇಂಚಿಗೊಮ್ಮೆ ಅಳೆದು ಮಾಡಿರ್ತಾರೆ, ನಡುವೆ, ಕೆಳಗೆ ಹೇಗಿದೆ ಅನ್ನೋದು ರಸ್ತೆಯಲ್ಲೇ ಗೊತ್ತಾಗ್ಬೇಕು. ಮೂರನೇ ಗೇರಲ್ಲಿ ಏರು ಹತ್ತುವಾಗ ಪೂರ್ತಿ ತುಳಿ. ಟಿಣಿಟಿಣಿ ಅಂತ ನಾಕಿಂಗ್ ಕೇಳಿದರೆ ತಕ್ಷಣ ಕಾಲು ತೆಗಿ. ಪುಸ್ತಕದ 14 ಡಿಗ್ರಿ ಆಗಿನ ಪೆಟ್ರೋಲಿಗೆ ಹೇಳಿದ್ದು, ಈಗಿನದಕ್ಕೆ ಒಂದೆರಡು ಡಿಗ್ರಿ ಕಮ್ಮಿ ಬೇಕಾಗಬಹುದು. ಅದಕ್ಕೆ ಮತ್ತೆ ಡೆಲ್ಕೋ ಸಡಿಲಿಸ್ಬೇಕಾಗಿಲ್ಲ, ಪಕ್ಕದಲ್ಲಿ ಗೆರೆ ಕೊರೆದ ಪುಟ್ಟ ನಟ್ ಇದೆ ನೋಡು, ಎ ಮತ್ತು ಆರ್ ಅಂತ ಬಾಣದ ಗುರುತು. ಆರ್ ಕಡೆಗೆ ಕಟಕಟ ಅಂತ ಹತ್ತಿಪ್ಪತ್ತು ಹಲ್ಲು ತಿರುಗಿಸಿ ಅದೇ ಏರನ್ನ ಮತ್ತೆ ಹತ್ತಿಸೋಣ. ಪ್ಲಗ್ ಸ್ಪ್ಯಾನರ್ ಜೊತೆಗಿಟ್ಟುಕೋ. ಮೇಲೆ ಹೋಗಿ, ತುಳಿದಿರುವಾಗಲೇ ಕ್ಲಚ್ ಒತ್ತಿ, ಸ್ವಿಚ್ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸು. ಅಲ್ಲೇ ನಾಲ್ಕೂ ಪ್ಲಗ್ ಬಿಚ್ಚಿ ಬಣ್ಣ ನೋಡ್ತೀನಿ. ಮೂರು, ನಾಲ್ಕು ಬೆಳ್ಳಗಿದ್ದರೆ ಬುಶ್ ಕೆಲಸ ಆಗೋವರೆಗೂ ಹಿಂದಿನ ನಟ್ ಒಂದು ಮುಖ ಇಳಿಸಿಯೇ ಓಡಿಸ್ಬೇಕು. ಹೈವೇ ಕಡೆ ಹೋಗೋದು ಬೇಡ, ಆ ಬುಶ್ ಆಗಲಿ ಮೊದಲು.